ಗೀರಿನ ಆಳ ಉಗುರಿಗೆ ಗೊತ್ತು

ಕೇಳುಗರಿಗೆಲ್ಲ ಶರಣು ಶರಣಾರ್ಥಿ.

ನಮ್ಮ ಮನೆ ಗೇಟಿನ ಚಿಲಕ ಸ್ವಲ್ಪ ಹೊರಗೆ ಚಾಚಿಕೊಂಡಿದೆ. ಹೋದ ಬೇಸಿಗೆಯಲ್ಲಿ ಕಾರನ್ನು ಒಳಗೆ ತಗೊಳ್ಳುವಾಗ ಅದು ಎಡಬಾಗಿಲಿನ ಮೇಲೆ ಗೇಣುದ್ದ ಗೆರೆ ಎಳೆಯಿತು. ಬಿಳಿ ಕಾರು, ಕೊಂಡು ಎಂಟೇ ತಿಂಗಳು. ಆ ರಾತ್ರಿ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಬೆಳಿಗ್ಗೆ ಎದ್ದವನೇ, ಯಾರೋ ಹೇಳಿದ್ದು ನೆನಪಾಗಿ, ಹಲ್ಲುಜ್ಜುವ ಪೇಸ್ಟ್ ಹಚ್ಚಿ ಗಸಗಸ ತಿಕ್ಕಿದೆ. ಗೆರೆ ಇದ್ದಲ್ಲೇ ಇತ್ತು. ಅದರ ಸುತ್ತ ಅಂಗೈಯಗಲ ಹೊಳಪು ಮಾತ್ರ ಹೋಯಿತು.

ಕೊನೆಗೆ ರಿಂಗ್ ರೋಡಿನ ಕಡೆ ಪೇಂಟಿಂಗ್ ಕೆಲಸ ಮಾಡುವ ವಯಸ್ಸಾದ ಮಿಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಗೆರೆಯನ್ನು ಸರಿಯಾಗಿ ನೋಡಲೂ ಇಲ್ಲ. ಉಗುರನ್ನು ಅದರ ಮೇಲೆ ಅಡ್ಡ ಎಳೆದು, "ಇಲ್ಲಿ ಜಾರ್ತದ, ಇಲ್ಲಿ ಸಿಗ್ತದ ನೋಡ್ರಿ ಸರ. ಜಾರೋದು ಉಜ್ಜಿದ್ರ ಹೋಗ್ತದ. ಸಿಗೋದು ಉಜ್ಜಿದ್ರ ಹೋಗಲ್ರಿ, ತುಂಬಬೇಕಾಗ್ತದ" ಅಂದರು.

ಯಾಕೆ ಹಾಗೆ? ಕಾರಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಬಣ್ಣ ಹಿಡಿದು ಕೂರಲು ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂಥ ಕ್ಲಿಯರ್ ಕೋಟ್. ಇಷ್ಟೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಹೆಚ್ಚುಕಡಿಮೆ ಮಕ್ಕಳ ನೋಟ್‌ಬುಕ್ಕಿನ ಒಂದೆರಡು ಹಾಳೆಯ ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40-50 ಮೈಕ್ರಾನ್ ಅಷ್ಟೆ. ರಬ್ಬಿಂಗ್ ಕಾಂಪೌಂಡ್, ಅಂದರೆ ನುಣ್ಣನೆ ಉಜ್ಜುಕಣಗಳಿರುವ ಪೇಸ್ಟ್, ಹಚ್ಚಿ ಉಜ್ಜಿದಾಗ ಗೀರು ತುಂಬಿಕೊಳ್ಳುತ್ತದೆ ಅಂತ ನಾನು ತಿಳಿದಿದ್ದೆ. ತುಂಬುವುದಿಲ್ಲ. ಅಕ್ಕಪಕ್ಕದ ದಡ ಸವೆದು ಗೀರಿನ ತಳದ ಮಟ್ಟಕ್ಕೆ ಇಳಿಯುತ್ತದೆ. ಹೊಲದಲ್ಲಿ ಕೊರಕಲು ಬಿತ್ತು ಅಂತ ಹೊಲವನ್ನೇ ಕೊರಕಲಿನ ಮಟ್ಟಕ್ಕೆ ಕೆತ್ತಿದ ಹಾಗೆ! ಸವೆದ ಕ್ಲಿಯರ್ ಕೋಟ್ ಮತ್ತೆ ಬರುವುದಿಲ್ಲ, ಕೆಳಗಿನ ಬಣ್ಣವನ್ನು ಬಿಸಿಲಿನಿಂದ ಕಾಯುವುದು ಅದೇ. ನಮ್ಮ ಕಲಬುರಗಿಯ ಬಿಸಿಲಿನಲ್ಲಿ ಅದನ್ನು ಕಳಕೊಂಡ ಕಾರಿನ ಟಾಪು ಎಷ್ಟು ಬೇಗ ಮಂಕಾಗುತ್ತದೆ ಅಂತ ನೀವೂ ನೋಡಿರುತ್ತೀರಿ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ತೊಳೆದ ಬಾಗಿಲಿನ ಮೇಲೆ ನೀರು ಸವರಿ. ಒದ್ದೆಯಿದ್ದಾಗ ಗೀರು ಮಾಯವಾದರೆ ಅದು ಮೇಲುಮೇಲಿನದು. ಮೆತ್ತನೆ ಮೈಕ್ರೋಫೈಬರ್ ಬಟ್ಟೆಗೆ ಕಡಲೆಕಾಳಿನಷ್ಟು ಕಾಂಪೌಂಡ್ ಹಚ್ಚಿ, ಹಗುರ ಕೈಯಿಂದ ನಾಲ್ಕು ಸಲ ತಿಕ್ಕಿ, ಒರೆಸಿ ನೋಡಿ. ಇನ್ನೂ ಸ್ವಲ್ಪ ಉಳಿದಿದೆಯೆ? ಉಳಿಯಲಿ ಬಿಡಿ. ಪೂರ್ತಿ ಹೋಗಲೇಬೇಕು ಎಂಬ ಹಟದಲ್ಲೇ ಬಣ್ಣ ಕಿತ್ತು ಬರುವುದು. ಮೂಲೆ, ಅಂಚುಗಳಲ್ಲಂತೂ ಲೇಪ ಇನ್ನೂ ತೆಳು.

ನನ್ನ ಗೀರಿನ ಅರ್ಧಭಾಗದಲ್ಲಿ ಬೂದುಬಣ್ಣದ ಪ್ರೈಮರ್ ಇಣುಕುತ್ತಿತ್ತು. ಅಲ್ಲಿಗೆ ಟಚ್‌ಅಪ್ ಬಣ್ಣವೇ ಬೇಕು. ಬಿಳಿ ಅಂದಮಾತ್ರಕ್ಕೆ ಎಲ್ಲ ಬಿಳಿಯೂ ಒಂದಲ್ಲ. ಬಾಗಿಲು ತೆರೆದರೆ ಕಂಬದ ಮೇಲೋ, ಬಾನೆಟ್ಟಿನ ಒಳಗೋ ಇರುವ ಪಟ್ಟಿಯಲ್ಲಿ ಬಣ್ಣದ ಕೋಡ್ ಇರುತ್ತದೆ, ಅದನ್ನು ಬರೆದುಕೊಂಡು ಹೋಗಿ. ಬೆಳ್ಳಿಬಣ್ಣದ ಮೆಟಾಲಿಕ್ ಕಾರಿನವರಿಗೆ ಒಂದು ಮಾತು: ಕೋಡ್ ಸರಿಯಿದ್ದರೂ ಕುಂಚದಿಂದ ಹಚ್ಚಿದ ಬಣ್ಣದಲ್ಲಿ ಲೋಹದ ಕಣಗಳು ಬೇರೆ ರೀತಿ ಕೂರುತ್ತವೆ, ಪೂರಾ ಹೊಂದುವುದಿಲ್ಲ.

ಕೆಲಸಕ್ಕೆ ಕೂತದ್ದು ಬೆಳಿಗ್ಗೆ ಆರಕ್ಕೆ, ನೆರಳಲ್ಲಿ, ಗಾಳಿ ಏಳುವ ಮುಂಚೆ. ಮಧ್ಯಾಹ್ನ ತಗಡಿಗೆ ಕೈ ಇಟ್ಟರೆ ಚುರ್ ಅನ್ನುತ್ತದೆ; ಆ ಕಾವಿಗೆ ಬಣ್ಣ ಹರಿದು ಕೂರುವ ಮೊದಲೇ ಒಣಗಿ ಗಂಟಾಗುತ್ತದೆ. ಸೋಪುನೀರಿನಿಂದ ತೊಳೆದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಜಿಡ್ಡು ಒರೆಸಿದೆ. ಹಲ್ಲುಕಡ್ಡಿಯ ತುದಿಯಿಂದ ಗೀರಿನೊಳಗೆ ಮಾತ್ರ ಬಣ್ಣ ಇಳಿಸಿದೆ, ಸುತ್ತ ಸವರಲಿಲ್ಲ. ಒಣಗುತ್ತ ಬಣ್ಣ ಕುಗ್ಗುತ್ತದೆ, ಹೀಗಾಗಿ ಅರ್ಧರ್ಧ ಗಂಟೆ ಬಿಟ್ಟು ಮೂರು ತೆಳು ಪದರ, ಮರುದಿನ ಕ್ಲಿಯರ್. ಆಮೇಲೆ ಒಂದು ವಾರ ಮುಟ್ಟಲಿಲ್ಲ. ಕೈ ತಡೆಯುವುದೇ ಕಷ್ಟ ನೋಡಿ. ವಾರದ ನಂತರ 2000 ನಂಬರಿನ ವಾಟರ್ ಪೇಪರನ್ನು, ಅಂದರೆ ತುಂಬ ನುಣ್ಣನೆಯ ಉಜ್ಜುಕಾಗದವನ್ನು, ನೀರಲ್ಲಿ ನೆನೆಸಿ ಉಬ್ಬನ್ನು ಇಳಿಸಿ, ಕಾಂಪೌಂಡಿನಿಂದ ಹೊಳಪು ತಂದೆ.

ತಗಡೇ ಕಂಡರೆ ಮಳೆಗಾಲಕ್ಕೆ ಬಿಡಬೇಡಿ; ತುಕ್ಕು ಕೆರೆದು, ಪ್ರೈಮರ್ ಹಚ್ಚಿ, ಆಮೇಲೆ ಬಣ್ಣ. ಬಂಪರಿನ ಗೀರಿಗೆ ಅವಸರವಿಲ್ಲ, ಪ್ಲಾಸ್ಟಿಕ್ಕಿಗೆ ತುಕ್ಕು ಎಲ್ಲಿಂದ ಬರಬೇಕು? ಇಂಥ ಚಿಲ್ಲರೆ ಗೀರಿಗೆ ವಿಮೆ ಕೇಳಲು ಹೋದರೆ, ಕ್ಲೇಮ್ ಮಾಡದ ವರ್ಷಗಳಿಗೆ 20ರಿಂದ ಶುರುವಾಗಿ ಶೇಕಡಾ 50ರವರೆಗೆ ಏರುವ ರಿಯಾಯಿತಿ ಕೈತಪ್ಪುತ್ತದೆ. ಲೆಕ್ಕ ಹಾಕಿ ನೋಡಿ.

ಮಿಸ್ತ್ರಿ ಕೊನೆಗೆ ನನ್ನ ಬಾನೆಟ್ಟನ್ನು ಬಿಸಿಲಿಗೆ ತಿರುಗಿಸಿ ತೋರಿಸಿದರು. ಜೇಡರ ಬಲೆಯಂಥ ಸಾವಿರ ಸುತ್ತುಗೆರೆ! "ಇದು ಚಿಲಕ ಮಾಡಿದ್ದಲ್ರಿ ಸರ, ನೀವೇ ಮಾಡಿದ್ದು." ದಿನಾ ಬೆಳಿಗ್ಗೆ ಒಣ ಬಟ್ಟೆಯಿಂದ ಧೂಳು ಝಾಡಿಸುತ್ತಿದ್ದೆನಲ್ಲ, ಆ ಧೂಳಿನ ಮರಳಕಣಗಳೇ ಉಜ್ಜುಕಾಗದವಾಗಿದ್ದವು. ಈಗ ಮೊದಲು ನೀರು ಬಿಟ್ಟು ಧೂಳು ಇಳಿಸುತ್ತೇನೆ. ನೀರಿಲ್ಲದ ದಿನ ಕಾರು ಧೂಳಲ್ಲೇ ಇರುತ್ತದೆ.

ಬಾಗಿಲಿನ ಗೀರು ನಾಲ್ಕು ಹೆಜ್ಜೆ ದೂರದಿಂದ ಕಾಣುವುದಿಲ್ಲ. ಬಗ್ಗಿ ನೋಡಿದರೆ ಕಾಣುತ್ತದೆ. ಬಗ್ಗಿ ನೋಡುವವನು ನಾನೊಬ್ಬನೇ. ಚಿಲಕಕ್ಕೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದೇನೆ.

ಶರಣಾರ್ಥಿ.