ದೆವ್ವದ ದೂರು ಕೇಳುವವರು

ಕೇಳುಗರಿಗೆಲ್ಲ ನಮಸ್ಕಾರ.

ಜಪಾನಿನ ದೆವ್ವದ ಕಾದಂಬರಿಗಳ ಬಗ್ಗೆ ಐದು ನಿಮಿಷ ಮಾತಾಡಿ ಅಂತ ರೇಡಿಯೋದವರು ಕರೆದಿದ್ದಾರೆ. ಐದು ನಿಮಿಷ ನನಗೆ ಸಾಲುವುದಿಲ್ಲ, ಕರೆದವರಿಗೂ ಅದು ಗೊತ್ತು.

ಇಂಥ ಕಾದಂಬರಿ ತೆರೆದರೆ, ಬೆಟ್ಟದ ಬುಡದಲ್ಲೊಂದು ಸಣ್ಣ ಊರು. ಮಕ್ಕಳು ಟೋಕಿಯೋ ಸೇರಿಕೊಂಡು ಬೀಗ ಬಿದ್ದ ಮನೆಗಳು. ಆ ಊರಿಗೊಬ್ಬ ಭೂತ ಬಿಡಿಸುವವನು. ಇಷ್ಟು ಹೇಳುವಷ್ಟರಲ್ಲೇ ನನ್ನ ಜಪಾನಿ ಪಾಠದ ಮಕ್ಕಳು ಕೇಳುತ್ತಾರೆ, "ಹೇಗೆ ಓಡಿಸ್ತಾನೆ ಮೇಡಂ?" ಅವರ ತಲೆಯಲ್ಲಿ ಬೇವಿನಸೊಪ್ಪು, ಮೆಣಸಿನಕಾಯಿ ಹೊಗೆ. ಅದನ್ನೆಲ್ಲ ದಯವಿಟ್ಟು ಪಕ್ಕಕ್ಕಿಡಿ. ಅವನು ಓಡಿಸುವುದಿಲ್ಲ, ಕೇಳುತ್ತಾನೆ. ನಿನಗೇನಾಯಿತು, ಯಾರು ಮಾಡಿದರು, ಈಗೇನು ಬೇಕು ಅಂತ ಕೇಳುತ್ತಾನೆ.

ಯುಮೆಮಕುರ ಬಕು 1986ರಲ್ಲಿ ಶುರುಮಾಡಿದ 'ಓನ್‌ಮ್ಯೋಜಿ' ಮಾಲೆಯಲ್ಲೂ ಹಾಗೇ. ಕಥೆ ನಡೆಯುವುದು ಹಳೆಯ ರಾಜಧಾನಿ ಕ್ಯೋಟೋದಲ್ಲಿ. ಮಾಂತ್ರಿಕ ಸೇಯ್‌ಮೇಯ್ ಗೆಳೆಯನ ಜೊತೆ ಜಗಲಿಯಲ್ಲಿ ಕೂತು ಅಕ್ಕಿಯ ಮದ್ಯ ಹೀರುತ್ತ ಹರಟೆ ಹೊಡೆಯುತ್ತಾನೆ. ಕತ್ತಿ ಝಳಪಿಸುವ ಗಂಡಾಂತರ ಬೇಕಿದ್ದವರಿಗೆ ಬೇಜಾರಾದೀತು. ಆಗಲಿ ಬಿಡಿ.

ಜಪಾನೀಯರಿಗೆ ಈ ಬುದ್ಧಿ ಎಲ್ಲಿಂದ ಬಂತು? ಒಬ್ಬ ಸರ್ಕಾರಿ ಅಧಿಕಾರಿಯ ಕಥೆ ಹೇಳಲೇಬೇಕು. ಹೆಸರು ಸುಗವಾರ ನೊ ಮಿಚಿಜಾನೆ. ಮಹಾ ವಿದ್ವಾಂಸ, ಕವಿ, ಮಂತ್ರಿ. ಮೇಲೇರಿದವನ ಮೇಲೆ ಚಾಡಿ ಹೇಳುವವರು ಇದ್ದೇ ಇರುತ್ತಾರಲ್ಲ! 901ರಲ್ಲಿ ಎತ್ತಂಗಡಿ, ದೂರದ ದಜೈಫುಗೆ. ಹೊರಡುವ ದಿನ ಅಂಗಳದ ಪ್ಲಮ್ ಮರದ ಮುಂದೆ ನಿಂತು, "ಮೂಡಣ ಗಾಳಿ ಬೀಸಿದಾಗ ನಿನ್ನ ಪರಿಮಳ ಕಳಿಸು, ಒಡೆಯ ಇಲ್ಲವೆಂದು ವಸಂತವನ್ನು ಮರೆಯಬೇಡ" ಎಂದು ಹಾಡು ಕಟ್ಟಿದ. ಮರ ಪರಿಮಳ ಕಳಿಸಿ ಸುಮ್ಮನಾಗಲಿಲ್ಲವಂತೆ, ತಾನೇ ಹಾರಿಬಂದು ಅವನ ಹತ್ತಿರ ಬೇರೂರಿತಂತೆ. ದಜೈಫುಗೆ ಹೋದರೆ ಇವತ್ತಿಗೂ ಆ ಮರ ತೋರಿಸುತ್ತಾರೆ.

903ರಲ್ಲಿ ಅಲ್ಲೇ ಕೊರಗಿ ಸತ್ತ. ಆಮೇಲೆ ಶುರುವಾಯಿತು ನೋಡಿ. ಚಾಡಿಕೋರ ಮಂತ್ರಿ ಮೂವತ್ತು ಚಿಲ್ಲರೆ ವಯಸ್ಸಿಗೇ ಹೋದ. ಯುವರಾಜ ಹೋದ. 930ರಲ್ಲಿ ಅರಮನೆಗೇ ಸಿಡಿಲು ಹೊಡೆದು ಆಸ್ಥಾನದವರು ಸತ್ತರು, ಕೆಲವೇ ತಿಂಗಳಲ್ಲಿ ಚಕ್ರವರ್ತಿಯೂ ತೀರಿಕೊಂಡ. ಎಲ್ಲರ ಬಾಯಲ್ಲೂ ಮಿಚಿಜಾನೆಯ ಹೆಸರೇ. ಓಡಿಸಿದರೇ? ಇಲ್ಲ. ಕಿತ್ತುಕೊಂಡ ಹುದ್ದೆಯನ್ನು ವಾಪಸು ಕೊಟ್ಟರು. 947ರಲ್ಲಿ ಕ್ಯೋಟೋದ ಕಿಟಾನೊದಲ್ಲಿ ಗುಡಿ ಕಟ್ಟಿದರು. ಅಷ್ಟಕ್ಕೂ ಸಮಾಧಾನವಾಗದೆ 993ರಲ್ಲಿ ಪ್ರಧಾನಮಂತ್ರಿಯ ಪದವಿಗೆ ಬಡ್ತಿ! ಸತ್ತು ತೊಂಬತ್ತು ವರ್ಷವಾದ ಮೇಲೆ ಬಂದ ಬಡ್ತಿ ಆದೇಶ. ಬದುಕಿದ್ದಾಗಲೇ ಫೈಲು ಕಾಯುತ್ತಿರುವವರು ದಯವಿಟ್ಟು ನಗಬೇಡಿ. ಅರಮನೆಯನ್ನೇ ನಡುಗಿಸಿದ ಆ ದೆವ್ವ ಇವತ್ತು ವಿದ್ಯೆಯ ದೇವರು. ಪರೀಕ್ಷೆ ಬಂತೆಂದರೆ ಮಕ್ಕಳು ಮರದ ಹಲಗೆಯ ಮೇಲೆ ಹರಕೆ ಬರೆದು ಅವನ ಗುಡಿಯಲ್ಲಿ ನೇತುಹಾಕುತ್ತಾರೆ.

ಅವನ ದೂರನ್ನು ಕೇಳಿದರು, ಅಷ್ಟೇ.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ನಿಜವಾಗಿ ಹೇಳಬೇಕಿದ್ದದ್ದು ಈಗ ಬಂತು. ಕಾದಂಬರಿಯಲ್ಲಿ ಬರುವಂಥ ಹಳ್ಳಿ ಮಾಂತ್ರಿಕರು ನಿಜಕ್ಕೂ ಇದ್ದಾರೆ. ಶಿಕೊಕು ದ್ವೀಪದ ಕೊಚಿ ಪ್ರಾಂತದಲ್ಲಿ ಮೊನೊಬೆ ಅಂತ ಬೆಟ್ಟದ ಸೀಮೆ. ಅಲ್ಲಿನ ಪಂಥ ಇಜನಗಿ-ರ್ಯು, ಮಾಂತ್ರಿಕರಿಗೆ ತಾಯು ಅನ್ನುತ್ತಾರೆ. ತಾಯು ಆದವನು ಹೊಲಗದ್ದೆ ಬಿಟ್ಟವನಲ್ಲ, ಕರೆ ಬಂದಾಗ ಮಾತ್ರ ಪೂಜೆ. ಕರೆದವರ ಮನೆಯಲ್ಲಿ ನೆಲದ ಮೇಲೆ ಕೂತು, ಬಿಳಿ ಕಾಗದ ಮಡಿಸಿ, ಚಾಕುವಿನಿಂದ ಕಣ್ಣು ಬಾಯಿ ಕೊರೆದು, ಬಿದಿರಿನ ಕಡ್ಡಿಗೆ ಸಿಕ್ಕಿಸುತ್ತಾನೆ. ನೀರಿನ ದೇವರಿಗೊಂದು ಮುಖ, ಬೆಟ್ಟದ ದೇವರಿಗೊಂದು ಮುಖ, ಮಾಟಕ್ಕೂ ಒಂದು ಮುಖ. ನಾನೂ ಒಮ್ಮೆ ಅಡುಗೆಮನೆಯ ಈಳಿಗೆಮಣೆಯ ಪಕ್ಕ ಕೂತು ಪ್ರಯತ್ನಿಸಿದೆ. ಕಣ್ಣಿಗೆ ಬರುವಷ್ಟರಲ್ಲಿ ಹಾಳೆ ಹರಿದು ಎರಡಾಯಿತು.

ಮುಖ ಕೊಟ್ಟಮೇಲೆ ಅದರ ಹುಟ್ಟಿನ ಕಥೆಯನ್ನು ಹಾಡುತ್ತಾನೆ. ಯಾರು ನೀನು, ಎಲ್ಲಿಂದ ಬಂದೆ ಅಂತ. ಇಲ್ಲಿಯೂ ಕೇಳುವುದೇ, ಗಮನಿಸಿ!

ಅವರ ಹಾಡಿನಲ್ಲೇ ಈ ವಿದ್ಯೆಯ ಮೂಲವೂ ಇದೆ. ಜಪಾನಿನಲ್ಲಿ ಹುಟ್ಟಿದ ಒಬ್ಬ ರಾಜಕುಮಾರಿ ಇದನ್ನು ಕಲಿಯಲು ಗುರುವನ್ನು ಹುಡುಕಿಕೊಂಡು ಟೆಂಜಿಕುವಿಗೆ ಹೋದಳಂತೆ. ಟೆಂಜಿಕು ಅಂದರೆ ಜಪಾನೀಯರ ಹಳೆಯ ಮಾತಿನಲ್ಲಿ ನಮ್ಮ ಭಾರತ.

ನಮಸ್ಕಾರ.