ನಾಲ್ಕು ಕಾಲದಲ್ಲಿ ಕ್ರೇಟರ್ ಲೇಕ್

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಕ್ರೇಟರ್ ಲೇಕ್ ನೋಡಲು ನಾನು ಮೊದಲ ಸಲ ಹೋದಾಗ ಕ್ರೇಟರ್ ಲೇಕ್ ಕಾಣಲಿಲ್ಲ. ಅಮೆರಿಕದ ಓರೆಗಾನ್ ರಾಜ್ಯದ ದಕ್ಷಿಣ ಭಾಗ, ಫೆಬ್ರವರಿ ತಿಂಗಳು. ಬೆಳಗಿನ ಜಾವ ಹೊರಟು, ಹಿಮದ ರಸ್ತೆಯಲ್ಲಿ ಜೀವ ಕೈಯಲ್ಲಿ ಹಿಡಿದು ಗಾಡಿ ಓಡಿಸಿ, ಮೇಲೆ ಹೋಗಿ ನಿಂತರೆ ಎದುರಿಗೆ ಬರೀ ಬಿಳಿ. ಆಕಾಶವೂ ಬಿಳಿ, ನೆಲವೂ ಬಿಳಿ, ನಡುವೆ ಒಂದು ಗೆರೆಯೂ ಇಲ್ಲ. ಆ ದೊಡ್ಡ ಕುಳಿಯೊಳಗೆ ಹಾಲು ಹೊಯ್ದ ಹಾಗೆ ಮೋಡ ತುಂಬಿಕೊಂಡಿತ್ತು. ಎರಡು ಗಂಟೆ ಕಾದೆ. ಬೆರಳು ಮರಗಟ್ಟಿತು. ಒಂದು ಫೋಟೋ ತೆಗೆದುಕೊಂಡು ವಾಪಸ್ ಬಂದೆ.

ಆಮೇಲೆ ಮೇ ತಿಂಗಳಲ್ಲಿ, ಆಗಸ್ಟಿನಲ್ಲಿ, ಅಕ್ಟೋಬರಿನಲ್ಲಿ ಮತ್ತೆ ಹೋದೆ. ನೋಡಿದ ಜಾಗವನ್ನೇ ಎಷ್ಟು ಸಲ ನೋಡ್ತೀಯ ಅಂತ ಮನೆಯಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಉತ್ತರ ಹೇಳಬೇಕಾದರೆ ಸರೋವರ ಹುಟ್ಟಿದ ಕಥೆಯಿಂದ ಶುರುಮಾಡಬೇಕು.

ಸುಮಾರು 7,700 ವರ್ಷದ ಹಿಂದೆ ಅಲ್ಲಿ ಸರೋವರ ಇರಲಿಲ್ಲ, ಒಂದು ಪರ್ವತ ಇತ್ತು. ಈಗ ಅದನ್ನು ಮಜಾಮಾ ಅಂತ ಕರೆಯುತ್ತಾರೆ. ಎತ್ತರ ಸುಮಾರು 3,700 ಮೀಟರ್ ಇದ್ದಿರಬೇಕು ಅಂತ ಅಂದಾಜು. ಅದು ಒಂದು ದಿನ ಸಿಡಿಯಿತು. ಹತ್ತಿರ ಹತ್ತಿರ 50 ಘನ ಕಿಲೋಮೀಟರ್ ಕಲ್ಲುರಸ ಹೊರಗೆ ಬಂತು. ಬೂದಿ ಕೆನಡಾವರೆಗೂ ಹೋಗಿ ಬಿತ್ತು. ಒಳಗಿದ್ದ ರಸವೆಲ್ಲ ಖಾಲಿಯಾದ ಮೇಲೆ ಬೆಟ್ಟದ ತಲೆಗೆ ಆಧಾರ ಇಲ್ಲದಾಯಿತು. ಕಂಬ ಕಿತ್ತರೆ ಚಪ್ಪರ ಕುಸಿಯುತ್ತದಲ್ಲ, ಹಾಗೆ ಇಡೀ ಶಿಖರ ಒಳಗೆ ಕುಸಿದು ಕೂತಿತು. ಆದ್ದರಿಂದ ಕ್ರೇಟರ್ ಅನ್ನುವ ಹೆಸರೇ ಸರಿಯಿಲ್ಲ. ಕ್ರೇಟರ್ ಅಂದರೆ ಜ್ವಾಲಾಮುಖಿಯ ಬಾಯಿ. ಇದು ಬೆಟ್ಟವೇ ಕುಸಿದು ಆದ ಗುಂಡಿ, ಭೂವಿಜ್ಞಾನಿಗಳು ಕ್ಯಾಲ್ಡೆರಾ ಅನ್ನುತ್ತಾರೆ. ಅಗಲ 8 ಕಿಲೋಮೀಟರ್, ಉದ್ದ 10 ಕಿಲೋಮೀಟರ್ ಹತ್ತಿರ. ಹೆಸರು ಅಂಟಿಕೊಂಡಿದೆ, ಇರಲಿ ಬಿಡಿ.

ಇದನ್ನೆಲ್ಲ ಕಣ್ಣಾರೆ ಕಂಡವರು ಇದ್ದರು. ಆ ಕಡೆಯ ಮೂಲನಿವಾಸಿಗಳಾದ ಕ್ಲಾಮತ್ ಜನರ ಕಥೆಯಲ್ಲಿ ಪಾತಾಳದ ಒಡೆಯ ಲಾವೋಗೂ ಆಕಾಶದ ಒಡೆಯ ಸ್ಕೆಲ್‌ಗೂ ಯುದ್ಧ ನಡೆಯುತ್ತದೆ. ಬೆಂಕಿ ಸುರಿಯುತ್ತದೆ, ಬೆಟ್ಟ ಕುಸಿಯುತ್ತದೆ. ಸುಮ್ನೆ ಕಟ್ಟಿದ ಕಥೆ ಅಂದುಕೊಂಡರೆ ತಪ್ಪು. 1938ರಲ್ಲಿ ಲೂಥರ್ ಕ್ರೆಸ್‌ಮನ್ ಅನ್ನುವ ಪುರಾತತ್ವ ವಿದ್ವಾಂಸರು ಓರೆಗಾನಿನದೇ ಫೋರ್ಟ್ ರಾಕ್ ಗುಹೆಯಲ್ಲಿ ಅಗೆದಾಗ ಗಿಡದ ತೊಗಟೆಯಲ್ಲಿ ಹೆಣೆದ ಚಪ್ಪಲಿಗಳು ಸಿಕ್ಕವು. ಅವು ಮಜಾಮಾದ ಬೂದಿಯ ಪದರದ ಕೆಳಗೆ ಇದ್ದವು. ಅಂದರೆ ಬೆಟ್ಟ ಸಿಡಿಯುವುದಕ್ಕೆ ಮೊದಲೇ ಅಲ್ಲಿ ಜನ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದರು.

ಸರಿ, ಗುಂಡಿ ಆಯಿತು. ನೀರು ಎಲ್ಲಿಂದ ಬಂತು? ಈ ಸರೋವರಕ್ಕೆ ಒಂದು ನದಿಯೂ ಬಂದು ಸೇರುವುದಿಲ್ಲ, ಒಂದು ನದಿಯೂ ಹೊರಡುವುದಿಲ್ಲ. ಬೀಳುವ ಮಳೆ ಮತ್ತು ಹಿಮ, ಅಷ್ಟೇ ಜಮೆ. ಆವಿಯಾಗುವುದು ಮತ್ತು ಬಂಡೆಯ ಸಂದಿನಲ್ಲಿ ಸೋರುವುದು, ಅಷ್ಟೇ ಖರ್ಚು. ಗುಂಡಿ ತುಂಬಲು ಏಳುನೂರು ಚಿಲ್ಲರೆ ವರ್ಷ ಹಿಡಿಯಿತಂತೆ. ಅಲ್ಲಿಂದ ಈಚೆಗೆ ಜಮೆ ಖರ್ಚು ಹೆಚ್ಚುಕಡಿಮೆ ಸರಿಹೋಗುತ್ತಿದೆ. ಆಳ 594 ಮೀಟರ್. ಅಮೆರಿಕದಲ್ಲಿ ಇದಕ್ಕಿಂತ ಆಳದ ಸರೋವರ ಇಲ್ಲ.

ಈಗ ನನ್ನ ಫೆಬ್ರವರಿಗೆ ವಾಪಸ್ ಬರೋಣ. ಅಲ್ಲಿ ವರ್ಷಕ್ಕೆ ಸರಾಸರಿ 13 ಮೀಟರ್ ಹಿಮ ಬೀಳುತ್ತದೆ. ನಾಲ್ಕು ಅಂತಸ್ತಿನ ಮನೆ ಮುಚ್ಚಿಹೋಗುವಷ್ಟು. ಎಲ್ಲ ಒಂದೇ ಸಲ ನಿಂತಿರುವುದಿಲ್ಲ, ಕುಗ್ಗುತ್ತಾ ಕರಗುತ್ತಾ ಇರುತ್ತದೆ. ಆದರೂ 1915ರಲ್ಲಿ ಶುರುವಾದ ಅಂಚಿನ ಹಳೇ ಹೋಟೆಲಿನ ಕೆಳಗಿನ ಕಿಟಕಿಗಳು ಹಿಮದೊಳಗೆ ಹೂತುಹೋಗಿರುತ್ತವೆ. ಹೋಟೆಲ್ ಚಳಿಗಾಲಕ್ಕೆ ಬಾಗಿಲು ಹಾಕುತ್ತದೆ. ಉತ್ತರದ ರಸ್ತೆಯೂ ಬಂದ್. ದಕ್ಷಿಣದ ಒಂದೇ ರಸ್ತೆಯನ್ನು ಯಂತ್ರ ಹಚ್ಚಿ ತೆರೆದಿಡುತ್ತಾರೆ. ಅಂಚಿಗೆ ಹೋಗಬೇಡಿ ಅಂತ ಅಲ್ಲಿನ ರೇಂಜರ್ ನಮಗೆ ಎರಡೆರಡು ಸಲ ಹೇಳಿದರು. ಯಾಕೆಂದರೆ ಗಾಳಿಗೆ ಹಿಮ ಅಂಚಿನಿಂದಾಚೆಗೆ ಸೂರಿನ ಹಾಗೆ ಬೆಳೆದಿರುತ್ತದೆ. ನೆಲ ಅಂತ ನಾವು ಕಾಲಿಡುವ ಜಾಗದ ಕೆಳಗೆ ಏನೂ ಇರುವುದಿಲ್ಲ.

ಇಷ್ಟೆಲ್ಲ ಚಳಿಯಿದ್ದರೂ ಸರೋವರ ಹೆಪ್ಪುಗಟ್ಟುವುದಿಲ್ಲ, ಇದು ನನಗೆ ಆಶ್ಚರ್ಯ. ಪೂರ್ತಿ ಹೆಪ್ಪುಗಟ್ಟಿದ್ದು 1949ರಲ್ಲಿ, ಅದೇ ಕೊನೆ. ಅಷ್ಟು ಆಳದ ನೀರು ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಮೇಲಿನ ನೀರು ತಣ್ಣಗಾಗಿ ಕೆಳಗಿಳಿದರೆ ಕೆಳಗಿನದು ಮೇಲೆ ಬರುತ್ತದೆ. ಹಾಗಾಗಿ ಮೋಡದ ಕೆಳಗೆ, ನನ್ನ ಕಣ್ಣಿಗೆ ಬೀಳದ ಹಾಗೆ, ಆ ದಿನವೂ ಹಿಮ ನೇರ ನೀರಿಗೆ ಬಿದ್ದು ಕರಗುತ್ತಿತ್ತು. ನಾನು ಬೈದುಕೊಂಡು ವಾಪಸ್ ಬಂದ ಹಿಮವೇ ಸರೋವರ. ಆ ನೀರು ಒಂದು ಸಲ ಪೂರ್ತಿ ಬದಲಾಗಲು ಸುಮಾರು 250 ವರ್ಷ ಬೇಕು ಅನ್ನುತ್ತಾರೆ.

ಮೇ ತಿಂಗಳ ಬಗ್ಗೆ ಹೇಳಲು ಜಾಸ್ತಿ ಇಲ್ಲ. ವಸಂತ ಅಂದುಕೊಂಡು ಹೋದೆ. ಇನ್ನೂ ಆಳೆತ್ತರದ ಹಿಮ ನಿಂತಿತ್ತು. ಸರೋವರ ಸುತ್ತುವ 53 ಕಿಲೋಮೀಟರ್ ರಸ್ತೆಯ ಹಿಮ ತೆಗೆಯುವ ಕೆಲಸ ಏಪ್ರಿಲಿನಲ್ಲಿ ಶುರುವಾದರೆ ಕೆಲವು ವರ್ಷ ಜುಲೈವರೆಗೂ ಮುಗಿಯುವುದಿಲ್ಲ. ಆದರೆ ಆ ದಿನ ಮೋಡ ಇರಲಿಲ್ಲ. ಬಿಳಿ ಗೋಡೆಗಳ ನಡುವೆ ನೀಲಿ. ಗಾಳಿ ನಿಂತಾಗ ಗೋಡೆಗಳೂ ನೀರಿನೊಳಗೆ ತಲೆಕೆಳಗಾಗಿ ನಿಂತಿದ್ದವು.

ಆ ನೀಲಿಗೆ ಕಾರಣ ಆಕಾಶದ ನೆರಳು ಅಂತ ತುಂಬಾ ಜನ ಹೇಳುತ್ತಾರೆ. ಅದು ಬರೀ ಸ್ವಲ್ಪ ಮಟ್ಟಿಗೆ ನಿಜ. ಶುದ್ಧ ನೀರು ಬೆಳಕಿನ ಕೆಂಪು, ಹಳದಿ, ಹಸಿರನ್ನು ಒಂದಾದ ಮೇಲೊಂದು ನುಂಗಿಕೊಳ್ಳುತ್ತದೆ. ನೀಲಿ ಮಾತ್ರ ಆಳಕ್ಕೆ ಇಳಿದು ಚದುರಿ ಮತ್ತೆ ಮೇಲೆ ಬರುತ್ತದೆ. ನದಿ ಸೇರದ ಕಾರಣ ಮಣ್ಣು, ಕೆಸರು, ಕಸ ಹೆಚ್ಚು ಬರುವುದಿಲ್ಲ. ತಟ್ಟೆಯಷ್ಟು ಅಗಲದ ಬಿಲ್ಲೆಯನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ಎಷ್ಟು ಆಳದವರೆಗೆ ಕಾಣುತ್ತದೆ ಅಂತ ಅಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ 30 ಮೀಟರ್ ಸುತ್ತಮುತ್ತ ಬರುತ್ತದೆ.

ಆಗಸ್ಟಿನಲ್ಲಿ ನೀರು ಮುಟ್ಟಿದೆ. ದಡಕ್ಕೆ ಇಳಿಯಲು ಇರುವುದು ಕ್ಲೀಟ್‌ವುಡ್ ಕೋವ್ ಅನ್ನುವ ಒಂದೇ ಕಾಲುದಾರಿ. ಎರಡು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ, ಆದರೆ ಇಳಿಜಾರು 200 ಮೀಟರಿಗೂ ಜಾಸ್ತಿ. ಇಳಿಯುವಾಗ ಹಾಡಿಕೊಂಡು ಹೋದವರು ಹತ್ತುವಾಗ ಮಾತೇ ಆಡುವುದಿಲ್ಲ. (ಆ ದಾರಿಯನ್ನು ದುರಸ್ತಿಗೆ ಕೆಲವು ವರ್ಷ ಮುಚ್ಚುವುದಾಗಿ ಈ ಜಾಗ ನೋಡಿಕೊಳ್ಳುವ ರಾಷ್ಟ್ರೀಯ ಉದ್ಯಾನದವರು ಹೇಳಿದ್ದಾರೆ, ಹೋಗುವವರು ವಿಚಾರಿಸಿಕೊಂಡು ಹೋಗಿ.) ಬಂಡೆ ಮೇಲೆ ನಿಂತು ಹತ್ತು ನಿಮಿಷ ಯೋಚನೆ ಮಾಡಿ ಹಾರಿದೆ. ಉಸಿರು ಒಂದು ಕ್ಷಣ ನಿಂತೇ ಹೋಯಿತು. ಕಣ್ಣು ತೆರೆದರೆ ನೀರಿನೊಳಗೆ ನನ್ನ ಕಾಲ್ಬೆರಳಿನ ಉಗುರು ಸ್ಪಷ್ಟವಾಗಿ ಕಾಣುತ್ತಿತ್ತು. ಅರ್ಧ ನಿಮಿಷಕ್ಕೆ ಎದ್ದು ಬಂದೆ.

ಬೇಸಿಗೆಯಲ್ಲಿ ಭೇಟಿಯಾಗಲೇಬೇಕಾದ ಒಬ್ಬ ಮುದುಕಪ್ಪ ಅಲ್ಲಿದ್ದಾನೆ. ಓಲ್ಡ್ ಮ್ಯಾನ್ ಆಫ್ ದಿ ಲೇಕ್ ಅಂತ ಹೆಸರು. ಒಂದು ಮರದ ದಿಮ್ಮಿ, ಸುಮಾರು 9 ಮೀಟರ್ ಉದ್ದ. ವಿಚಿತ್ರ ಅಂದರೆ ಅದು ಮಲಗಿ ತೇಲುವುದಿಲ್ಲ, ನೆಟ್ಟಗೆ ನಿಂತು ತೇಲುತ್ತದೆ. ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ನೀರಿನ ಮೇಲಿರುತ್ತದೆ, ಬಿಸಿಲಿಗೆ ಬೆಳ್ಳಗಾಗಿ. 1896ರಿಂದಲೂ ಅದನ್ನು ನೋಡಿದವರಿದ್ದಾರೆ. 1938ರಲ್ಲಿ ಮೂರು ತಿಂಗಳು ಅದರ ಹಿಂದೆ ಬಿದ್ದು ಲೆಕ್ಕ ಇಟ್ಟರು. ಆ ಮೂರು ತಿಂಗಳಲ್ಲಿ ಕನಿಷ್ಠ 100 ಕಿಲೋಮೀಟರ್ ಸುತ್ತಾಡಿತ್ತು! 1988ರಲ್ಲಿ ಪುಟ್ಟ ಜಲಾಂತರ್ಗಾಮಿಯಲ್ಲಿ ತಳ ನೋಡಲು ಬಂದ ವಿಜ್ಞಾನಿಗಳು, ಅಡ್ಡ ಬಂದೀತು ಅಂತ ಅದನ್ನು ವಿಜರ್ಡ್ ದ್ವೀಪದ ಬಳಿ ಕಟ್ಟಿಹಾಕಿದರಂತೆ. ಕೂಡಲೇ ಹವಾಮಾನ ಕೆಟ್ಟಿತಂತೆ, ಬಿಚ್ಚಿಬಿಟ್ಟ ಮೇಲೆ ಸರಿಹೋಯಿತಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ವಿಜರ್ಡ್ ದ್ವೀಪ ಅಂದೆನಲ್ಲ, ಅದು ಕುಸಿತ ಆದಮೇಲೆ ಗುಂಡಿಯೊಳಗೆ ಎದ್ದ ಮರಿ ಜ್ವಾಲಾಮುಖಿ. ಅದರ ನೆತ್ತಿಯಲ್ಲಿ ನಿಜವಾದ ಒಂದು ಕ್ರೇಟರ್ ಇದೆ.

ಆಳ ಅಳೆದ ಕಥೆ ಹೇಳದೆ ಬಿಟ್ಟರೆ ಮನಸ್ಸು ತಡೆಯುವುದಿಲ್ಲ. 1886ರಲ್ಲಿ ಕ್ಲಾರೆನ್ಸ್ ಡಟನ್ ಅನ್ನುವ ಭೂವಿಜ್ಞಾನಿಯ ತಂಡ ಒಂದು ದೋಣಿಯನ್ನು ಬೆಟ್ಟ ಹತ್ತಿಸಿ, ಕಡಿದಾದ ಗೋಡೆಯಿಂದ ನೀರಿಗಿಳಿಸಿತು. ಪಿಯಾನೋ ತಂತಿಗೆ ತೂಕ ಕಟ್ಟಿ 168 ಕಡೆ ಇಳಿಬಿಟ್ಟರು. ಸಿಕ್ಕ ಹೆಚ್ಚಿನ ಆಳ 608 ಮೀಟರ್. ಶಬ್ದದ ಅಲೆ ಬಿಟ್ಟು ಆಳ ಅಳೆಯುವ ಇವತ್ತಿನ ಸೋನಾರ್ ಲೆಕ್ಕಕ್ಕೆ ಹೋಲಿಸಿದರೆ ತಪ್ಪಿದ್ದು 14 ಮೀಟರ್ ಮಾತ್ರ. ಆ ತಂಡದ ಜೊತೆಗಿದ್ದ ವಿಲಿಯಂ ಸ್ಟೀಲ್, ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿ ಅಂತ ವರ್ಷಗಟ್ಟಲೆ ಸರ್ಕಾರದ ಬೆನ್ನು ಬಿಡಲಿಲ್ಲ. 1902ರಲ್ಲಿ ಆಯಿತು. ಮೀನೇ ಇಲ್ಲದ ಸರೋವರಕ್ಕೆ ಮೀನು ತಂದು ಬಿಟ್ಟವರೂ ಅವರೇ. ಅದೊಂದನ್ನು ಮಾಡದಿದ್ದರೆ ಚೆನ್ನಾಗಿತ್ತು ಅಂತ ನನಗನ್ನಿಸುತ್ತದೆ.

ಬೇಸಿಗೆಗೂ ಅದರದೇ ತಾಪತ್ರಯ ಇದೆ. ಜುಲೈನಲ್ಲಿ ಹಿಮ ಕರಗಿದ ಕಡೆಯೆಲ್ಲ ಸೊಳ್ಳೆ. ಕೆಲವು ವರ್ಷ ಆಗಸ್ಟಿನಲ್ಲಿ ಕಾಳ್ಗಿಚ್ಚಿನ ಹೊಗೆ ಬಂದು ಎದುರಿನ ಗೋಡೆಯೂ ಕಾಣುವುದಿಲ್ಲ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಒಳ್ಳೆಯದು.

ನಾನು ಹೋಗಿದ್ದು ಅಕ್ಟೋಬರಿಗೆ. ಜನ ಇರಲಿಲ್ಲ. ನಟ್‌ಕ್ರ್ಯಾಕರ್ ಅನ್ನುವ ಬೂದು ಬಣ್ಣದ ಹಕ್ಕಿಯೊಂದು ಪೈನ್ ಬೀಜಗಳನ್ನು ಗಂಟಲ ಚೀಲದಲ್ಲಿ ತುಂಬಿಕೊಂಡು ಬಂದು ಮಣ್ಣಲ್ಲಿ ಹೂತಿಡುತ್ತಿತ್ತು. ಚಳಿಗಾಲದ ದಿನಸಿ. ಅದು ಬಂದು ತೆಗೆಯದೆ ಉಳಿದ ಬೀಜಗಳೇ ಮುಂದೆ ಮರವಾಗುವುದು. ನೋಡುತ್ತಾ ನಿಂತಿದ್ದಾಗ ತೆಳ್ಳಗೆ ಹಿಮ ಶುರುವಾಯಿತು. ಅಂಗಿಯ ತೋಳಿನ ಮೇಲೆ ಬಿದ್ದ ಚೂರು ಒಂದು ಕ್ಷಣ ಇದ್ದು ನೀರಾಯಿತು. ಕೆಳಗೆ, ಆ ನೀಲಿಯ ಮೇಲೂ ಬೀಳುತ್ತಿತ್ತು. ಈ ಸಲ ನಾನು ಬೈದುಕೊಳ್ಳಲಿಲ್ಲ.

ಈಗ ದೀಪ ಆರಿಸಿದರೆ ಫೋಟೋ ತೋರಿಸುತ್ತೇನೆ. ಮೊದಲನೆಯದು ಫೆಬ್ರವರಿಯದು. ಪರದೆ ಪೂರ್ತಿ ಬಿಳಿಯಾಗಿ ಕಾಣುತ್ತದೆ. ಪ್ರೊಜೆಕ್ಟರ್ ಕೆಟ್ಟಿಲ್ಲ, ಗಾಬರಿಯಾಗಬೇಡಿ.