ಸಾಲ ಮಾಡಿದವರು ಮನೆಗೆ ಹೋದರು, ಬಿಲ್ಲು ನಮ್ಮ ಮನೆಗೆ ಬಂತು

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಎಲೆಕ್ಷನ್ ಕಥೆ. ಶುರು ಮಾತ್ರ ಬೇರೆ ಎಲೆಕ್ಷನ್ನಿಂದ.

2023ರ ಮೇ 13, ಶನಿವಾರ. ಬೆಳಗಿನ ಜಾವ ಮೂರೂವರೆ. ಇಂಗ್ಲೆಂಡಿನ ಸ್ಲೌ ಅನ್ನುವ ಊರಲ್ಲಿ ಸ್ನೇಹಿತನೊಬ್ಬನ ಮನೆ. ಆರು ಜನ ಕಂಬಳಿ ಹೊದ್ದುಕೊಂಡು ಟಿವಿ ಮುಂದೆ ಕೂತಿದ್ದೆವು. ಬೆಂಗಳೂರಿನಲ್ಲಿ ಆಗ ಎಂಟು ಗಂಟೆ, ವಿಧಾನಸಭೆಯ ಮತ ಎಣಿಕೆ ಶುರುವಾಗುವ ಹೊತ್ತು. ಫ್ಲಾಸ್ಕಿನಲ್ಲಿ ಕಾಫಿ, ತಟ್ಟೆಯಲ್ಲಿ ಕೋಡುಬಳೆ. ಹುಬ್ಬಳ್ಳಿಯಲ್ಲಿ ಶೆಟ್ಟರ್ ಕಥೆ ಏನು, ಚಿಕ್ಕಮಗಳೂರಿನಲ್ಲಿ ಸಿ.ಟಿ. ರವಿ ಕಥೆ ಏನು, ಒಬ್ಬೊಬ್ಬನ ಬಾಯಲ್ಲೂ ಒಂದೊಂದು ಲೆಕ್ಕ. ರಾತ್ರಿ ತಡವಾಗಿ ಜಯನಗರದ ಫಲಿತಾಂಶ ಬಂತಲ್ಲ, ಬರೀ 16 ಮತದ ಅಂತರ. ಅದರ ಮೇಲೆ ವಾಟ್ಸಾಪ್‌ನಲ್ಲಿ ಒಂದು ವಾರ ಜಗಳ ನಡೆಯಿತು.

ಕಾಫಿ ಬಗ್ಗಿಸುವಾಗ ನಾನು ಸುಮ್ನೆ ಕೇಳಿದೆ. "ಏನಪ್ಪಾ, ನಿಮ್ಮೂರ ಎಲೆಕ್ಷನ್ ರಿಸಲ್ಟ್ ಬಂತಲ್ಲ ಮೊನ್ನೆ, ಭಾರಿ ಬದಲಾವಣೆ ಅಂತೆ?"

ಉಳಿದ ಐದೂ ಮುಖ ನನ್ನ ಕಡೆ ತಿರುಗಿದವು. "ಯಾವ ಎಲೆಕ್ಷನ್ನು?"

ಒಂಬತ್ತು ದಿನ ಹಿಂದೆ, ಮೇ 4ಕ್ಕೆ, ಅದೇ ಬೀದಿಯಲ್ಲಿ ಮತದಾನ ಆಗಿತ್ತು. ಸ್ಲೌ ಬರೋ ಕೌನ್ಸಿಲ್‌ನ ಎಲ್ಲ 42 ಸೀಟಿಗೂ. ನಮ್ಮಲ್ಲಿ ನಗರಸಭೆ ಇದೆಯಲ್ಲ, ಆ ತರಹದ್ದೇ ಅಂದುಕೊಳ್ಳಿ. ನಾವು ಕೂತಿದ್ದ ಮನೆಯಲ್ಲಿ ಇಬ್ಬರಿಗೆ ಮತ ಹಾಕುವ ಹಕ್ಕಿತ್ತು. ಹಕ್ಕಿದೆ ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ.

ಸ್ಲೌ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೀಥ್ರೂ ವಿಮಾನ ನಿಲ್ದಾಣದ ಪಕ್ಕದ ಊರು. ಚಿಕ್ಕಂದಿನಲ್ಲಿ ನಮ್ಮ ಅಮ್ಮಂದಿರು ಹಾಲಿಗೆ ಕಲಸಿ ಕೊಡುತ್ತಿದ್ದ ಹಾರ್ಲಿಕ್ಸ್, ಅದರ ಹಳೇ ಫ್ಯಾಕ್ಟರಿ ಇದ್ದದ್ದು ಇಲ್ಲೇ. ಈಗ ಅದು ಫ್ಲಾಟುಗಳಾಗಿದೆ. 2021ರ ಜನಗಣತಿ ಪ್ರಕಾರ ಜನಸಂಖ್ಯೆ ಸುಮಾರು 1 ಲಕ್ಷ 58 ಸಾವಿರ. ಅದರಲ್ಲಿ ಹತ್ತಿರಹತ್ತಿರ ಅರ್ಧ ಏಷ್ಯಾ ಮೂಲದವರು.

2008ರಿಂದ ಆ ಕೌನ್ಸಿಲ್ ಲೇಬರ್ ಪಕ್ಷದ ಕೈಯಲ್ಲಿತ್ತು. ಕನ್ಸರ್ವೇಟಿವ್‌ಗಳು ಬೆರಳೆಣಿಕೆಯಷ್ಟು. ಆ ಮೇ 4ಕ್ಕೆ ಇಡೀ ಇಂಗ್ಲೆಂಡಿನಲ್ಲಿ ಕನ್ಸರ್ವೇಟಿವ್ ಪಕ್ಷ ಸಾವಿರಕ್ಕೂ ಜಾಸ್ತಿ ಸೀಟು ಕಳೆದುಕೊಂಡಿತು. ಸ್ಲೌನಲ್ಲಿ ಮಾತ್ರ ಉಲ್ಟಾ. ಕನ್ಸರ್ವೇಟಿವ್ 21, ಲೇಬರ್ 18, ಲಿಬರಲ್ ಡೆಮಾಕ್ರಾಟ್ 3. 42ರಲ್ಲಿ 21 ಅಂದರೆ ಸರಿಯಾಗಿ ಅರ್ಧ. ಬಹುಮತಕ್ಕೆ ಒಂದೇ ಒಂದು ಸೀಟು ಕಮ್ಮಿ. ಆದರೂ ಆಡಳಿತ ಅವರದ್ದೇ ಆಯಿತು.

ಯಾಕೆ ಹೀಗಾಯಿತು? ಸಾಲ. 2021ರ ಜುಲೈನಲ್ಲಿ ಈ ಕೌನ್ಸಿಲ್ ಸೆಕ್ಷನ್ 114 ನೋಟಿಸ್ ಹೊರಡಿಸಿತ್ತು. ಇಲ್ಲಿನ ಕಾನೂನಿನಲ್ಲಿ ಕೌನ್ಸಿಲ್ ದಿವಾಳಿ ಅಂತ ಹೇಳುವ ಹಾಗಿಲ್ಲ. ಕಾನೂನಿನ ಪ್ರಕಾರ ಕೊಡಲೇಬೇಕಾದ ಸೇವೆ ಬಿಟ್ಟು ಬೇರೆ ಯಾವುದಕ್ಕೂ ಹೊಸ ಖರ್ಚು ಮಾಡುವ ಹಾಗಿಲ್ಲ ಅಂತ ಅಲ್ಲಿನ ಹಣಕಾಸು ಅಧಿಕಾರಿಯೇ ಬರೆದು ಕೊಡಬೇಕು. ಆ ನೋಟಿಸೇ ಇದು. ಸಾಲ ಎಷ್ಟಿತ್ತು ಗೊತ್ತಾ? 76 ಕೋಟಿ ಪೌಂಡ್. ರೂಪಾಯಿ ಅಲ್ಲ, ಪೌಂಡ್. ಊರಿನ ಜನಕ್ಕೆ ಹಂಚಿದರೆ ತೊಟ್ಟಿಲ ಮಗುವಿನ ತಲೆಯ ಮೇಲೂ ಹೆಚ್ಚುಕಮ್ಮಿ 4,800 ಪೌಂಡ್. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ಕಾರ ತನ್ನ ಕಮಿಷನರ್‌ಗಳನ್ನು ಕಳಿಸಿ ಕೂರಿಸಿತು.

2023ರ ಏಪ್ರಿಲ್‌ನಲ್ಲಿ ಕೌನ್ಸಿಲ್ ಟ್ಯಾಕ್ಸ್ ಒಂದೇ ಏಟಿಗೆ ಶೇಕಡ 9.99 ಏರಿತು. ಮಾಮೂಲಿಯಾಗಿ ಶೇಕಡ 5 ಮುಟ್ಟಿದರೆ ಜನಮತ ಕೇಳಬೇಕು. ಇವರಿಗೆ ಸರ್ಕಾರ ವಿಶೇಷ ಅನುಮತಿ ಕೊಟ್ಟಿತ್ತು. ಇನ್ನೊಂದು ವಿಷಯ. ನಮ್ಮಲ್ಲಿ ಮನೆ ಕಂದಾಯ ಮಾಲೀಕನ ತಲೆನೋವು. ಇಲ್ಲಿ ಆ ಮನೆಯಲ್ಲಿ ವಾಸ ಇರುವವರು ಕಟ್ಟಬೇಕು. ಬಾಡಿಗೆಗೆ ಇದ್ದೀರಾ? ಬಿಲ್ ನಿಮ್ಮ ಹೆಸರಿಗೇ ಬರುತ್ತದೆ.

ಲೇಬರ್‌ನವರಿಗೆ ಜನ ಸರಿಯಾಗಿ ಬುದ್ಧಿ ಕಲಿಸಿದರು ಅಂತ ಅನ್ನಿಸುತ್ತೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು, ವೋಕಿಂಗ್ ಕಥೆ ಓದುವವರೆಗೆ.

ವೋಕಿಂಗ್ ಇರುವುದು ಸರ‍್ರಿ ಕೌಂಟಿಯಲ್ಲಿ, ಸ್ಲೌನಿಂದ ಹೆಚ್ಚು ದೂರ ಇಲ್ಲ. ಬ್ರಿಟನ್ನಿನಲ್ಲಿ ಮಸೀದಿ ಅಂತಲೇ ಕಟ್ಟಿದ ಮೊದಲ ಮಸೀದಿ ಅಲ್ಲಿದೆ. 1889ರದ್ದು. ಭೋಪಾಲದ ಬೇಗಂ ಶಾಜಹಾನ್ ದುಡ್ಡು ಕೊಟ್ಟಿದ್ದರು, ಅವರ ಹೆಸರೇ ಇದೆ. ಊರು ತಲೆಮಾರುಗಳಿಂದ ಕನ್ಸರ್ವೇಟಿವ್ ಕಡೆಯದ್ದಾಗಿತ್ತು. ಅಲ್ಲಿನ ಬರೋ ಕೌನ್ಸಿಲ್‌ಗೆ ಒಂದು ಆಸೆ ಹುಟ್ಟಿತು. ಸರ್ಕಾರದ ಸಾಲ ಕಡಿಮೆ ಬಡ್ಡಿಗೆ ಸಿಗುತ್ತಿತ್ತು. 2010ರ ನಂತರ ಸರ್ಕಾರದ ಅನುದಾನ ಕಮ್ಮಿಯಾಗುತ್ತಾ ಬಂದಿತ್ತು. ಸಾಲ ತಂದು ಕಟ್ಟೋಣ, ಬಾಡಿಗೆಯಲ್ಲಿ ಊರು ನಡೆಸೋಣ ಅಂತ ಹೊರಟರು. ಊರ ನಡುವೆ ವಿಕ್ಟೋರಿಯಾ ಸ್ಕ್ವೇರ್ ಎದ್ದು ನಿಂತಿತು. ಮೂವತ್ತು ಮಹಡಿ ದಾಟಿದ ಟವರ್, ಅಂಗಡಿ ಸಾಲು, ಒಂದು ಹಿಲ್ಟನ್ ಹೋಟೆಲ್. ಕಸ ಎತ್ತುವ, ಪಾರ್ಕಿಂಗ್ ನೋಡಿಕೊಳ್ಳುವ ಕೌನ್ಸಿಲ್ಲು ಹೋಟೆಲ್ ಕಟ್ಟಿತು! ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇವರು ಸಾಲ ಮಾಡಿ ಹಾಸಿಗೆಗಳನ್ನೇ ತಂದರು, ರೂಮುಗಟ್ಟಲೆ.

2023ರ ಜೂನ್ 7ಕ್ಕೆ ಅಲ್ಲೂ ಸೆಕ್ಷನ್ 114. ಕೊರತೆ 120 ಕೋಟಿ ಪೌಂಡ್. ಕೌನ್ಸಿಲ್ ಕೈಯಲ್ಲಿ ಆ ವರ್ಷಕ್ಕೆ ಇದ್ದ ಮೂಲ ಹಣ 1 ಕೋಟಿ 60 ಲಕ್ಷ. ಸಾಲ ಬೆಳೆದು 260 ಕೋಟಿ ಮುಟ್ಟುತ್ತದೆ ಅನ್ನುವ ಅಂದಾಜು ಬೇರೆ. ವರ್ಷದ ಮೂಲ ಹಣವನ್ನೆಲ್ಲಾ ತೆಗೆದಿಟ್ಟರೂ ಕೊರತೆ ತುಂಬೋಕೆ 75 ವರ್ಷ ಬೇಕು. ಅಷ್ಟು ಹೊತ್ತಿಗೆ ಕೌನ್ಸಿಲ್ ಲಿಬರಲ್ ಡೆಮಾಕ್ರಾಟ್‌ಗಳ ಕೈಗೆ ಬಂದಾಗಿತ್ತು. ಕಟ್ಟಿಸಿದವರು ಒಬ್ಬರು, ನೋಟಿಸ್ ಓದಿದವರು ಇನ್ನೊಬ್ಬರು. 2024ರ ಮೇ ಚುನಾವಣೆಯಲ್ಲಿ 30 ಸೀಟಿನ ಕೌನ್ಸಿಲ್‌ನಲ್ಲಿ ಲಿಬರಲ್ ಡೆಮಾಕ್ರಾಟ್ 24 ಮುಟ್ಟಿದರು. ಕನ್ಸರ್ವೇಟಿವ್ ಸೊನ್ನೆ. ಒಬ್ಬನೂ ಉಳಿಯಲಿಲ್ಲ.

ಸ್ಲೌನಲ್ಲಿ ಕೆಂಪು ಬಣ್ಣದವರು ಸಾಲ ಮಾಡಿದರು, ನೀಲಿಯವರು ಬಂದರು. ವೋಕಿಂಗ್‌ನಲ್ಲಿ ನೀಲಿಯವರು ಸಾಲ ಮಾಡಿದರು, ಹಳದಿಯವರು ಬಂದರು. ನಮ್ಮ ಚಾನೆಲ್‌ಗಳಾದರೆ ಇದಕ್ಕೆ "ಮತದಾರನ ಕಪಾಳಮೋಕ್ಷ" ಅಂತ ತಲೆಬರಹ ಕೊಡುತ್ತಿದ್ದವು.

ನನ್ನ ತಕರಾರು ಇಲ್ಲೇ ಇರುವುದು. ಕಪಾಳಕ್ಕೆ ಬಿದ್ದದ್ದು ನಿಜ. ಆದರೆ ಕೈ ನೋವು ಯಾರಿಗೆ? ಸ್ಲೌನಲ್ಲಿ ಆಡಳಿತ ಬದಲಾದ ಮೇಲೆ 2024ರಲ್ಲಿ ಟ್ಯಾಕ್ಸ್ ಮತ್ತೆ ಶೇಕಡ 8.5 ಏರಿತು. ವೋಕಿಂಗ್‌ನಲ್ಲೂ ಅದೇ ವರ್ಷ ಶೇಕಡ 9.99. ಬಡ್ಡಿಗೆ ಪಕ್ಷದ ಬ್ಯಾಡ್ಜ್ ಕಾಣಿಸುವುದಿಲ್ಲ. ಸಾಲ ಆದ ಮೇಲೆ ಸಿಟ್ಟಿನಿಂದ ಮತ ಹಾಕುವುದು ಸುಲಭ. ಸಾಲ ಆಗುತ್ತಿದ್ದಾಗಲೂ ಈ ಊರುಗಳಲ್ಲಿ ಚುನಾವಣೆ ನಡೆಯುತ್ತಲೇ ಇತ್ತು. ಎರಡೂ ಕಡೆ ನಾಲ್ಕರಲ್ಲಿ ಮೂರು ವರ್ಷ ಮೇ ತಿಂಗಳು ಬಂದರೆ ಮತಪೆಟ್ಟಿಗೆ ಬರುತ್ತಿತ್ತು, ಪ್ರತಿ ಸಲ ಮೂರನೇ ಒಂದು ಭಾಗ ಸೀಟಿಗೆ. ಇಂಗ್ಲೆಂಡಿನ ಸ್ಥಳೀಯ ಚುನಾವಣೆಯಲ್ಲಿ ಸಾಮಾನ್ಯವಾಗಿ ಮತ ಹಾಕುವುದು ಮೂರರಲ್ಲಿ ಒಬ್ಬರು. ಉಳಿದ ಇಬ್ಬರು ಮನೆಯಲ್ಲಿ. ಆ ಇಬ್ಬರಲ್ಲಿ ನಮ್ಮವರು ಎಷ್ಟು ಜನ ಅಂತ ನನಗೆ ಬೆಳಗಿನ ಜಾವ ಮೂರೂವರೆಗೆ ಆ ಸೋಫಾ ಮೇಲೆ ಕಂಡಿತು.

"ನಾವು ವೀಸಾ ಮೇಲೆ ಬಂದವರು, ನಮಗ್ಯಾಕೆ?" ಇದು ಎಲ್ಲ ಕಡೆ ಕೇಳುವ ಮಾತು. ಸ್ವಾಮಿ, ಭಾರತ ಕಾಮನ್‌ವೆಲ್ತ್ ದೇಶ. ಇಂಗ್ಲೆಂಡಿನಲ್ಲಿ ಇರಲು ವೀಸಾ ಇದ್ದು, 18 ತುಂಬಿ, ಅಲ್ಲೇ ವಾಸ ಇದ್ದರೆ ನೀವು ಮತದಾರರ ಪಟ್ಟಿಗೆ ಸೇರಬಹುದು. ಕೌನ್ಸಿಲ್ ಚುನಾವಣೆಗೂ, ಪಾರ್ಲಿಮೆಂಟ್ ಚುನಾವಣೆಗೂ. ಓದಲು ಬಂದ ಹುಡುಗರಿಗೂ ಇದೆ. ಐಎಲ್‌ಆರ್, ಅಂದರೆ ಅಲ್ಲೇ ಕಾಯಂ ಇರಲು ಅನುಮತಿ, ಸಿಕ್ಕ ಮೇಲೆ ಚುನಾವಣೆಗೆ ನೀವೇ ನಿಲ್ಲಲೂಬಹುದು. ಸುಮ್ನೆ ಹೇಳುವ ಮಾತಲ್ಲ, ಲಂಡನ್ನಿನ ಲ್ಯಾಂಬೆತ್ ಬರೋಗೆ 2010ರಲ್ಲಿ ಮೇಯರ್ ಆದವರು ನಮ್ಮ ಕಲಬುರಗಿ ಕಡೆಯ ನೀರಜ್ ಪಾಟೀಲ್. ಥೇಮ್ಸ್ ದಡದ ಬಸವಣ್ಣನ ಪ್ರತಿಮೆ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಂಡಿದ್ದೀವಿ. ಅದನ್ನು ಅಲ್ಲಿ ನಿಲ್ಲಿಸಲು ಓಡಾಡಿದವರೂ ಅವರೇ.

ನಾನು ಮೊದಲ ಸಲ ಮತ ಹಾಕಿದ್ದು ಒಂದು ಚರ್ಚಿನ ಹಾಲ್‌ನಲ್ಲಿ. ಮನಸ್ಸಿನಲ್ಲಿ ನಮ್ಮೂರ ಶಾಲೆ, ಉದ್ದ ಕ್ಯೂ, ಪೊಲೀಸ್ ಎಲ್ಲ ಇತ್ತು. ಹೋಗಿ ನೋಡಿದರೆ ಮೇಜಿನ ಹಿಂದೆ ಇಬ್ಬರು ಹಿರಿಯರು, ಪಕ್ಕದಲ್ಲಿ ಟೀ ಮಗ್ಗು. ಬಾಗಿಲಲ್ಲಿ ಒಬ್ಬರ ನಾಯಿ ಯಜಮಾನನಿಗೆ ಕಾಯುತ್ತಾ ಮಲಗಿತ್ತು. ಇವಿಎಂ ಇಲ್ಲ. ಒಂದು ಕಾಗದ, ದಾರ ಕಟ್ಟಿದ ಒಂದು ಮೊಂಡು ಪೆನ್ಸಿಲ್. ಪೆನ್ಸಿಲ್! ಅಳಿಸಿದರೆ ಏನು ಗತಿ ಅಂತ ನಾನು ಕೇಳಿಯೇ ಬಿಟ್ಟೆ. ಆಕೆ ನಕ್ಕು, ನಿಮ್ಮ ಪೆನ್ನು ಇದ್ದರೆ ಅದರಲ್ಲೇ ಹಾಕಿ ಅಂದರು. ಗುಣಾಕಾರದ ಗುರುತು ಹಾಕಿ, ಮಡಚಿ, ಡಬ್ಬಿಗೆ ಹಾಕಿ ಬಂದೆ. ಬೆರಳಿಗೆ ಶಾಯಿ ಹಚ್ಚಲೇ ಇಲ್ಲ. ಫೋಟೋ ಹಾಕೋಕೆ ಏನೂ ಇರಲಿಲ್ಲ, ಅದೊಂದು ಬೇಜಾರು.

16 ಮತಕ್ಕೆ ಒಂದು ವಾರ ಜಗಳ ಆಡಿದೆವಲ್ಲ. ಇಲ್ಲಿ ಮತ ಸಮ ಬಂದರೆ ಚೀಟಿಯೋ ಕಡ್ಡಿಯೋ ಎತ್ತುತ್ತಾರೆ. 2017ರಲ್ಲಿ ನಾರ್ಥಂಬರ್‌ಲ್ಯಾಂಡ್‌ನ ಸೌತ್ ಬ್ಲೈತ್ ವಾರ್ಡಿನಲ್ಲಿ ಹಾಗೇ ಕಡ್ಡಿ ಎತ್ತಿದರು. ಕನ್ಸರ್ವೇಟಿವ್ ಅಭ್ಯರ್ಥಿ ಸೋತರು. ಆ ಒಂದು ಸೀಟಿನಿಂದ ಇಡೀ ಕೌನ್ಸಿಲ್‌ನಲ್ಲಿ ಅವರಿಗೆ ಬಹುಮತ ತಪ್ಪಿತು. 67ರಲ್ಲಿ 33ಕ್ಕೆ ನಿಂತರು. ಆ ವಾರ್ಡಿನಲ್ಲಿ ಅವತ್ತು ಮಳೆ ಅಂತ ಮನೆಯಲ್ಲೇ ಉಳಿದವನು ಒಬ್ಬನಾದರೂ ಇದ್ದೇ ಇರುತ್ತಾನೆ.

ವೋಕಿಂಗ್ ಸಾಲದಲ್ಲಿ 50 ಕೋಟಿ ಪೌಂಡ್ ತಾನೇ ತೀರಿಸುವುದಾಗಿ ಸರ್ಕಾರ 2025ರಲ್ಲಿ ಹೇಳಿತು. ಸರ‍್ರಿಯ ಕೌನ್ಸಿಲ್‌ಗಳನ್ನೆಲ್ಲ ಸೇರಿಸಿ ಎರಡು ದೊಡ್ಡ ಕೌನ್ಸಿಲ್ ಮಾಡುವ ತೀರ್ಮಾನವೂ ಆಯಿತು. ಅಂದರೆ ಆ ಟವರ್ ಕಟ್ಟಿದ ಬರೋ ಕೌನ್ಸಿಲ್ಲೇ ಹೋಗುತ್ತದೆ, ಟವರ್ ಉಳಿಯುತ್ತದೆ. ಉಳಿದ ಸಾಲ ತಮ್ಮ ತಲೆಗೂ ಬರುತ್ತದಾ ಅಂತ ಪಕ್ಕದ ಊರಿನವರಿಗೆ ಹೇಗನ್ನಿಸಿರಬೇಡ?

ಇನ್ನು ನಮ್ಮ ಸ್ಲೌ ಸ್ನೇಹಿತ. ಆವತ್ತು ಬೆಳಕು ಹರಿದ ಮೇಲೆ ಟಿವಿ ಕೆಳಗಿನ ಡ್ರಾಯರ್ ಎಳೆದ. ಪಿಜ್ಜಾ ಕೂಪನ್ನು, ಕರೆಂಟ್ ಬಿಲ್ಲು, ಅದರಡಿ ಕೌನ್ಸಿಲ್‌ನಿಂದ ಬಂದ ಕವರು. ಒಡೆದೇ ಇರಲಿಲ್ಲ. ಮತದಾರರ ಪಟ್ಟಿಗೆ ಹೆಸರು ಸೇರಿಸಿ ಅನ್ನುವ ಪತ್ರ. ಉತ್ತರ ಕೊಡದೆ ಸುಮ್ಮನಿದ್ದರೆ ದಂಡವೂ ಬೀಳಬಹುದು ಅಂತ ಓದಿದ ಮೇಲೆ ಅವನ ನಿದ್ದೆ ಹಾರಿತು. ಫೋನಿನಲ್ಲೇ ಐದು ನಿಮಿಷದಲ್ಲಿ ಅರ್ಜಿ ಮುಗಿಸಿದ. ಆಮೇಲೆ ಕೇಳಿದ.

"ಮತ ಹಾಕೋಕೆ ನಮ್ಮ ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತಾ?"

"ನಡೆಯುತ್ತೆ."

"ಜೆರಾಕ್ಸ್ ಸಾಕಾ?"

"ಒರಿಜಿನಲ್ಲೇ ತಗೊಂಡು ಹೋಗಪ್ಪಾ."